ಮಂಗಳವಾರ, ಶುಕ್ರವಾರ ಮಾತ್ರ

"ನಿಮಗೂ ಕೇಳಿಸ್ತದಾ?"

ಲಿಫ್ಟಿನ ಬಾಗಿಲು ಮುಚ್ಚಿದ ಕೂಡಲೇ ಎರಡನೇ ಮಾಳಿಗೆಯ ಆಂಟಿ ಕೇಳಿದರು. ಮಂಗಳೂರಿನ ಬಿಜೈಯ ನಮ್ಮ ಕಟ್ಟಡದ ಲಿಫ್ಟು ಬಹಳ ನಿಧಾನ. ಅದರೊಳಗೆ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಕೊಡದೆ ಪಾರಾಗಲು ಆಗುವುದಿಲ್ಲ.

"ಎಂತದ್ದು?" ಎಂದೆ.

"ದಡ್ ದಡ್ ಅಂತ. ಬೆಳಿಗ್ಗೆ ಐದೂವರೆಗೆ. ಹತ್ತು ಸಲ ಆಗ್ತದೆ, ನಿಲ್ತದೆ. ಪುನಃ ಹತ್ತು ಸಲ. ದಿನಾ ಇಲ್ಲ. ಮಂಗಳವಾರ, ಶುಕ್ರವಾರ ಮಾತ್ರ." ವಾರಗಳ ಹೆಸರು ಹೇಳುವಾಗ ಅವರ ಸ್ವರ ತಗ್ಗಿತು.

ಅದು ನಾನು.

ನಮ್ಮ ಆತ್ಮರಕ್ಷಣೆಯ ಕ್ಲಾಸು ಇರುವುದು ಭಾನುವಾರ ಮತ್ತು ಬುಧವಾರ. ಮಧ್ಯದಲ್ಲಿ ಮೈ ತಣ್ಣಗಾಗಬಾರದೆಂದು ಮಾಸ್ಟರು ಒಂದು ಹಾಳೆ ಕೊಟ್ಟಿದ್ದಾರೆ. ಮಂಗಳವಾರ ಮತ್ತು ಶುಕ್ರವಾರ ಮನೆಯಲ್ಲಿ ಮಾಡಬೇಕಾದ್ದು. ಅದರಲ್ಲಿ ಮೊದಲನೆಯದೇ ಬರ್ಪಿ, ಹತ್ತರಂತೆ ಎರಡು ಸುತ್ತು. ಕೂತು, ಕಾಲು ಹಿಂದಕ್ಕೆ ಎಸೆದು, ಎದೆ ನೆಲಕ್ಕೆ ತಾಗಿಸಿ, ಎದ್ದು, ಹಾರಬೇಕು. ಹಾರಿದ ಮೇಲೆ ಕೆಳಗೆ ಬರಲೇಬೇಕಲ್ವಾ? ಬರುವಾಗ ಅರುವತ್ತೆಂಟು ಕಿಲೋ ಒಟ್ಟಿಗೇ ಬರುತ್ತದೆ.

ಹೇಳಿಬಿಡೋಣ ಎಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಆಂಟಿಯೇ ಮುಂದುವರಿಸಿದರು. "ನೇರ ಮೇಲೆ ಇರುವುದು ನೀವು. ಆದ್ರೆ ನಿಮ್ಮಲ್ಲಿ ಹಾರುವವರು ಯಾರಿದ್ದಾರೆ? ನಿಮ್ಮ ಯಜಮಾನರಿಗೆ ಬೆನ್ನು ನೋವು. ಮಗಳು ಎಂಟು ಗಂಟೆ ಆಗದೆ ಏಳುವವಳಲ್ಲ." ಅಲ್ಲಿಗೆ ನಿಲ್ಲಿಸಿದರು. ಮನೆಯಲ್ಲಿ ಮೂರನೆಯವಳೊಬ್ಬಳು ಇದ್ದಾಳೆ ಎಂಬುದು ಅವರ ತಲೆಗೇ ಬರಲಿಲ್ಲ. "ನಾನು ಯೋಚನೆ ಮಾಡಿದ್ದು ನಿಮ್ಮ ಮೇಲಿನದ್ದು. ಆ ಬೀಗ ಹಾಕಿದ ಮನೆ."

ಎರಡನೇ ಮಾಳಿಗೆ ಬಂತು. ಅವರು ಇಳಿದು ಹೋದರು. ಸಂಶಯ ಬಾರದ್ದು ಒಳ್ಳೆಯದೇ ಆಯಿತು ಎಂದು ಸಮಾಧಾನ ಆಗಬೇಕಿತ್ತು. ನನಗೆ ಆದದ್ದು ಅವಮಾನ.

ಕ್ಲಾಸಿಗೆ ಸೇರಿದ್ದು ನಾನಲ್ಲ, ಮಗಳು. ಮೂರು ಕ್ಲಾಸು ಆದ ಮೇಲೆ ಅವಳಿಗೆ ಪಿಯುಸಿ ನೆನಪಾಯಿತು. ಮೂರು ತಿಂಗಳ ಫೀಸು ಕಟ್ಟಿ ಆಗಿತ್ತು, ಹಿಂದೆ ಕೊಡುವುದಿಲ್ಲ ಎಂದರು. ನಲವತ್ತೆಂಟರ ನಾನು ಮಗಳ ಪಾಲಿನ ಪೆಟ್ಟು ತಿನ್ನಲು ಹೋಗತೊಡಗಿದ್ದು ಹೀಗೆ. ಈಗ ಅವಳ ಕೈಗವಸು ನನಗೆ ಸರಿಯಾಗಿ ಕೂರುತ್ತದೆ.

ಹಾಳೆಯಲ್ಲಿ ತಪ್ಪಿಲ್ಲ, ಅದನ್ನು ಹೇಳಲೇಬೇಕು. ಪೆಟ್ಟು ಹೇಗೆ ಕೊಡುವುದು ಎಂದು ತಲೆಗೆ ಗೊತ್ತಿದ್ದರೂ ಪ್ಯಾಡಿಗೆ ಮೂವತ್ತು ಸೆಕೆಂಡು ಗುದ್ದಿದರೆ ಕೈ ತಾನಾಗಿ ಕೆಳಗೆ ಬೀಳುತ್ತದೆ. ಉಸಿರು ಹೋದ ಮೇಲೆ ಕಲಿತದ್ದೂ ಹೋಗುತ್ತದೆ. ಯಾರಾದರೂ ಬಗ್ಗಿ ಕಾಲು ಹಿಡಿದು ಬೀಳಿಸಲು ಬಂದರೆ ನಮ್ಮ ಎರಡೂ ಕಾಲನ್ನು ಹಿಂದಕ್ಕೆ ಎಸೆದು ಸೊಂಟದ ಭಾರವನ್ನು ಅವನ ಬೆನ್ನ ಮೇಲೆ ಹಾಕಬೇಕು. ಇದಕ್ಕೆ ಸ್ಪ್ರಾಲ್ ಎನ್ನುತ್ತಾರೆ. ಬರ್ಪಿಯ ಅರ್ಧ ಭಾಗ ಅದೇ. ಒದ್ದೆ ಟವೆಲನ್ನು ಎರಡೂ ಕಡೆಗೆ ಹಿಂಡುವುದು ಹಿಡಿತಕ್ಕೆ. ಇದನ್ನು ಓದಿ ನನಗೆ ನಗು ಬಂತು. ಮಳೆಗಾಲದ ಮಂಗಳೂರಿನಲ್ಲಿ ಒಣಗದ ಬೆಡ್‌ಶೀಟು ಹಿಂಡಿದವರಿಗೆ ಹಿಡಿತದ ಪಾಠ ಬೇಕಾ? ಸ್ಕ್ವಾಟ್ ಎಂದರೆ ನಮ್ಮ ಬಸ್ಕಿ. ಕಾಪಿ ಬರೆದು ತಾರದ್ದಕ್ಕೆ ಶಾಲೆಯಲ್ಲಿ ಧರ್ಮಕ್ಕೆ ಹೊಡೆಸುತ್ತಿದ್ದರು. ಈಗ ದುಡ್ಡು ಕೊಟ್ಟು ಹೊಡೆಯುತ್ತೇನೆ.

ಪ್ಲ್ಯಾಂಕ್ ಮಾತ್ರ ನನಗೆ ಇಷ್ಟ. ಮೊಣಕೈ ಊರಿ ಹಲಗೆಯ ಹಾಗೆ ನಿಂತರೆ ಕಣ್ಣಿಗೆ ಸೋಫಾದ ಅಡಿ ಕಾಣುತ್ತದೆ. ಅಲ್ಲಿ ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳ ಉಂಟು, ಎರಡು ವರ್ಷದಿಂದ ಹುಡುಕುತ್ತಿದ್ದದ್ದು. ಒಂದು ಹಲ್ಲಿಬಾಲ. ಸಾಲು ಹಿಡಿದು ಯಾವುದೋ ಹುಳದ ರೆಕ್ಕೆ ಹೊತ್ತುಕೊಂಡು ಹೋಗುವ ಇರುವೆಗಳು. ಆ ರೆಕ್ಕೆ ಒಂದು ಟೈಲ್ಸಿನ ಗೆರೆಯಿಂದ ಇನ್ನೊಂದು ಗೆರೆಗೆ ತಲುಪಲು ಸರಿಯಾಗಿ ಒಂದು ನಿಮಿಷ ಬೇಕು. ನಾನು ಗಡಿಯಾರ ನೋಡುವುದು ಬಿಟ್ಟಿದ್ದೇನೆ. ಮುಚ್ಚಳವನ್ನು ಇನ್ನೂ ತೆಗೆದಿಲ್ಲ. ಏಳುವಾಗ ನೆನಪಿರುವುದಿಲ್ಲ.

ಕುಲೆಯ ಕತೆಗೆ ಬರುತ್ತೇನೆ. ಕುಲೆ ಎಂದರೆ ತುಳುವಿನಲ್ಲಿ ಪ್ರೇತ.

ನಮ್ಮ ಮೇಲಿನ, ನಾಲ್ಕನೇ ಮಾಳಿಗೆಯ ಮನೆಯವರು ಕುವೈತಿನಲ್ಲಿದ್ದಾರೆ. ಬೀಗ ಹಾಕಿ ನಾಲ್ಕು ವರ್ಷ ಆಯಿತು. ಲಿಫ್ಟಿನಲ್ಲಿ ಮಾತಾಡಿ ಒಂದು ವಾರ ಆಗುವಷ್ಟರಲ್ಲಿ ಇಡೀ ಕಟ್ಟಡಕ್ಕೆ ದಡ್ ದಡ್ ಕೇಳಿಸತೊಡಗಿತ್ತು. ಒಂದನೇ ಮಾಳಿಗೆಯವರಿಗೂ ಕೇಳಿಸಿತಂತೆ. ಮತ್ತೊಬ್ಬರಿಗೆ ಗೆಜ್ಜೆಯ ಶಬ್ದವೂ ಕೇಳಿಸಿತಂತೆ. ಗೆಜ್ಜೆಗೆ ನಾನು ಜವಾಬ್ದಾರಳಲ್ಲ.

ಅಸೋಸಿಯೇಷನ್ ಮೀಟಿಂಗು ಕರೆದರು, ಪಾರ್ಕಿಂಗಿನಲ್ಲಿ. ಜುಲೈ ತಿಂಗಳು. ಧೋ ಎಂದು ಮಳೆ. ಗುಟ್ಟಾಗಿ ಮಾತಾಡುವ ವಿಷಯವನ್ನು ಎಲ್ಲರೂ ಬೊಬ್ಬೆ ಹೊಡೆದು ಮಾತಾಡಬೇಕಾಯಿತು. ಪೈಪಿನಲ್ಲಿ ಗಾಳಿ ಹಿಡಿದಿರಬೇಕು ಎಂದರು ಒಬ್ಬರು. ಪ್ಲಂಬರನ್ನು ಕರೆಸಿ ಆಗಿತ್ತು, ಅವನು ಮೋಟರು ಬದಲಿಸಲು ಹೇಳಿ ಹೋಗಿದ್ದ. ತಾರಸಿಯಲ್ಲಿ ಕಬ್ಬೆಕ್ಕು ಇರಬಹುದು ಎಂದರು ಇನ್ನೊಬ್ಬರು. "ಕಬ್ಬೆಕ್ಕು ವಾರ ನೋಡಿ ಬರ್ತದಾ ಮಾರ್ರೆ?" ಎಂದು ಆಂಟಿ ಕೇಳಿದರು. ಅದಕ್ಕೆ ಯಾರಲ್ಲೂ ಉತ್ತರ ಇರಲಿಲ್ಲ.

ಆಗ ಹಿರಿಯರೊಬ್ಬರು ಕುವೈತಿಗೆ ಫೋನು ಮಾಡಿಸಿದರು. ನಮ್ಮ ತುಳುನಾಡಿನಲ್ಲಿ ಮದುವೆಯಾಗದೆ ತೀರಿಹೋದವರಿಗೆ ಜುಲೈ ನಡುವಿನಲ್ಲಿ ಹಿಡಿಯುವ ಆಟಿ ತಿಂಗಳಲ್ಲಿ ಮದುವೆ ಮಾಡಿಸುವ ಕ್ರಮ ಉಂಟು, ಕುಲೆ ಮದಿಮೆ ಎನ್ನುತ್ತಾರೆ. ನಿಮ್ಮ ಕುಟುಂಬದಲ್ಲಿ ಹಾಗೆ ಯಾರಾದರೂ ಬಾಕಿ ಇದ್ದಾರಾ ಎಂದು ಕೇಳಿದರು. ಸ್ಪೀಕರಿನಲ್ಲಿ ಕುವೈತು ಹೇಳಿತು: "ನಮ್ಮಲ್ಲಿ ಎಲ್ಲರದ್ದೂ ಆಗಿದೆ. ಕೆಲವರದ್ದು ಎರಡೆರಡು ಸಲ."

ಕೊನೆಗೆ ಜೋಯಿಸರಿಂದ ಪ್ರಶ್ನೆ ಇಡಿಸುವುದು ಎಂದಾಯಿತು. ನಾನು ಅಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ತೊಡೆ ಎರಡೂ ಹಿಡಿದುಕೊಂಡಿದ್ದವು, ಹಿಂದಿನ ದಿನ ಬುಧವಾರ ಆಗಿತ್ತಲ್ಲ. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಇಪ್ಪತ್ತು ಜನರ ಎದುರು ಎದ್ದು ನಿಂತು "ಅದು ಕುಲೆ ಅಲ್ಲ, ನಾನು" ಎನ್ನಲು ಬೇಕಾದ ಧೈರ್ಯವನ್ನು ನಮ್ಮ ಕ್ಲಾಸಿನಲ್ಲಿ ಕಲಿಸುವುದಿಲ್ಲ.

ಜೋಯಿಸರು ಬಂದು ಕವಡೆ ಹಾಕಿದರು. ತುಂಬಾ ಹೊತ್ತು ನೋಡಿದರು. "ಒಂದು ಹೆಂಗಸು," ಎಂದರು. "ಐವತ್ತರ ಒಳಗೆ. ಮನಸ್ಸಿಗೆ ಸಮಾಧಾನ ಇಲ್ಲ. ಮಾಡ್ಲಿಕ್ಕೆ ಹೊರಟದ್ದು ಪೂರ್ತಿ ಆಗಲಿಲ್ಲ." ಮೈ ಜುಮ್ಮೆಂದಿತು. ಹಿಂದಿನ ಶುಕ್ರವಾರ ಇಪ್ಪತ್ತು ಬರ್ಪಿಯಲ್ಲಿ ಹದಿನೇಳಕ್ಕೆ ನಿಲ್ಲಿಸಿದ್ದೆ.

ಮನೆಗೆ ಮುನ್ನೂರು ರೂಪಾಯಿಯಂತೆ ಹಂಚಿಕೊಂಡು ಒಂದು ಗಣಹೋಮ. ನನ್ನ ಮುನ್ನೂರನ್ನೂ ಕೊಟ್ಟೆ. ಆಟಿ ಹಿಡಿಯುವ ಮೊದಲೇ ಆಗಬೇಕು ಎಂದು ಅವಸರದಲ್ಲಿ ಶುಕ್ರವಾರ ಇಟ್ಟರು, ಬೆಳಿಗ್ಗೆ ಐದಕ್ಕೆ. ನಾನು ತಲೆಗೆ ನೀರು ಹಾಕಿ, ಸೀರೆ ಉಟ್ಟು, ಐದೂವರೆಗೆ ಪಾರ್ಕಿಂಗಿನಲ್ಲಿ ಕೈ ಮುಗಿದು ನಿಂತಿದ್ದೆ. ಎಲ್ಲರೂ ಕಿವಿ ಮೇಲೆ ಇಟ್ಟಿದ್ದರು. ಶಬ್ದ ಬರಲಿಲ್ಲ. ಹೇಗೆ ಬಂದೀತು? ಆಂಟಿ ನನ್ನ ಕೈ ಒತ್ತಿ ಹಿಡಿದರು, ಅವರ ಕಣ್ಣಲ್ಲಿ ನೀರಿತ್ತು. ಪಂಚಕಜ್ಜಾಯ ಚೆನ್ನಾಗಿತ್ತು, ಎಳ್ಳು ಸ್ವಲ್ಪ ಜಾಸ್ತಿ.

ಅಲ್ಲಿಗೆ ನನ್ನ ಹಾರಾಟ ಮುಗಿಯಿತು. ಮುಂದಿನ ಮಂಗಳವಾರ ದಡ್ ಎಂದರೆ ಜೋಯಿಸರ ಮರ್ಯಾದೆ ಹೋಗುತ್ತದೆ, ಎಲ್ಲರ ಮುನ್ನೂರು ರೂಪಾಯಿ ಹೋಗುತ್ತದೆ.

ಶಬ್ದ ಇಲ್ಲದ ವ್ಯಾಯಾಮ ಹುಡುಕಲು ಕೂತೆ. ನಾಲ್ಕೇ ನಿಮಿಷದ ತಬಾಟಾ ಮಾಡಿ ಆಂಟಿ ಎಂದು ಕ್ಲಾಸಿನ ಹುಡುಗ ಹೇಳಿದ. ನೋಡಿದರೆ ಅದು ಜಪಾನಿನ ಇಜುಮಿ ತಬಾಟಾ 1996ರಲ್ಲಿ ಪ್ರಕಟಿಸಿದ ಪ್ರಯೋಗ. 20 ಸೆಕೆಂಡು ಜೀವ ಹೋಗುವ ಹಾಗೆ, 10 ಸೆಕೆಂಡು ವಿರಾಮ, ಹೀಗೆ ಏಳೆಂಟು ಸಲ, ಇನ್ನು ಆಗುವುದಿಲ್ಲ ಎನ್ನುವವರೆಗೆ. ಆದರೆ ಅವರು ಮಾಡಿಸಿದ್ದು ಗಟ್ಟಿಮುಟ್ಟು ಹುಡುಗರಿಂದ, ಅದೂ ಒಂದೇ ಕಡೆ ನಿಲ್ಲುವ ಸೈಕಲಿನ ಮೇಲೆ. ಸೈಕಲ್ ಕೆಳಗಿನ ಮನೆಗೆ ಕೇಳಿಸುವುದಿಲ್ಲ.

ಆಮೇಲೆ ಬರ್ಪಿಯ ಮೂಲ ಹುಡುಕಿದೆ. ನಾನು ಇಷ್ಟು ದಿನ ಅದು ತೇಗಿಗೆ ಸಂಬಂಧಿಸಿದ ಇಂಗ್ಲಿಷ್ ಪದ ಎಂದುಕೊಂಡಿದ್ದೆ. ಅಲ್ಲ, ಮನುಷ್ಯನ ಹೆಸರು! ರಾಯಲ್ ಬರ್ಪಿ, ನ್ಯೂಯಾರ್ಕಿನವರು, 1930ರ ದಶಕದಲ್ಲಿ ಇದನ್ನು ಮಾಡಿದರು. ವ್ಯಾಯಾಮ ಎಂದಲ್ಲ, ಒಬ್ಬರ ಮೈ ಎಷ್ಟು ಗಟ್ಟಿ ಉಂಟು ಎಂದು ನೋಡುವ ಪರೀಕ್ಷೆ ಎಂದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ಅದನ್ನು ಎತ್ತಿಕೊಂಡಿತು. ಅವರ ಬರ್ಪಿಗೆ ನಾಲ್ಕೇ ಎಣಿಕೆ. ಕೂರುವುದು, ಕಾಲು ಹಿಂದಕ್ಕೆ, ಕಾಲು ಮುಂದಕ್ಕೆ, ಏಳುವುದು. ಎದೆ ನೆಲಕ್ಕೆ ತಾಗಿಸುವುದು ಇಲ್ಲ. ಹಾರುವುದು ಇಲ್ಲವೇ ಇಲ್ಲ. ಅದನ್ನೆಲ್ಲ ಆಮೇಲಿನವರು ಸೇರಿಸಿದ್ದು. ಪುಣ್ಯಾತ್ಮನ ಹೆಸರು ಸುಮ್ನೆ ಹಾಳು.

ಮಾಸ್ಟರಿಗೆ ತೋರಿಸಿದೆ. "ಹಾರದಿದ್ದರೂ ನಡೀತದೆ ಮೇಡಂ, ಆದ್ರೆ ಉದಾಸೀನ ಮಾಡ್ಬೇಡಿ" ಎಂದರು.

ಉದಾಸೀನದ ಮಾತು ಬಂದರೆ ನನಗೆ ಸಿಟ್ಟು ಬರುತ್ತದೆ. ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದರೆ ಹಂಪನಕಟ್ಟೆ ದಾಟುವ ಮೊದಲೇ ಒಬ್ಬ ಬಂದು ಮೈಗೆ ಒರಗುತ್ತಾನೆ. ಬ್ರೇಕು ಹಾಕದಿದ್ದರೂ ಒರಗುತ್ತಾನೆ. ನಾನು ಕಾಲೇಜಿಗೆ ಹೋಗುವಾಗಲೂ ಒರಗುತ್ತಿದ್ದ, ಈಗ ಮಗಳು ಹೋಗುವಾಗಲೂ ಒರಗುತ್ತಾನೆ. ಬೇರೆ ಬೇರೆ ಅಂಗಿ, ಅಷ್ಟೇ. ಅವನಿಗೆ ಯಾರೂ ಹಾಳೆ ಕೊಟ್ಟಿಲ್ಲ. ಮಂಗಳವಾರ ಇಲ್ಲ, ಶುಕ್ರವಾರ ಇಲ್ಲ. ಅವನು ಒಂದು ಬಸ್ಕಿ ಹೊಡೆದವನಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ನೆಲಕ್ಕೆ ಬೀಳಬೇಕಾದದ್ದು ಮಾತ್ರ ನಾವು. ಇದು ಯಾವ ಲೆಕ್ಕ? ಮಾಸ್ಟರನ್ನು ಕೇಳಿದೆ. ಅವರು ಒಳ್ಳೆಯ ಮನುಷ್ಯ, ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸ್ಕಿಪ್ಪಿಂಗ್ ಹಗ್ಗ ತಂದಿದ್ದೀರಾ ಎಂದು ಕೇಳಿದರು.

ಕಂಕನಾಡಿಯ ಗರಡಿಯ ಎದುರಿನಿಂದ ಹೋಗುವಾಗ ಒಮ್ಮೊಮ್ಮೆ ಅನಿಸುತ್ತದೆ. ಈಗ ಅಲ್ಲಿ ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರಿಗೆ ಕೈ ಮುಗಿದು ಬರುತ್ತೇವೆ. ಗರಡಿ ಎಂಬ ಮಾತು ಹುಟ್ಟಿದ್ದು ಸಾಮು ಮಾಡುವ ಜಾಗಕ್ಕೆ. ನಾಲ್ಕು ಜನ ಸೇರಿ, ಒಬ್ಬನ ಬೆವರು ಇನ್ನೊಬ್ಬನಿಗೆ ತಾಗಿ, ಬಿದ್ದರೆ ನಗಲಿಕ್ಕೆ ಜನ ಇದ್ದು ಮಾಡುವ ಕೆಲಸ ಅದು. ನಾನು ಡ್ರಾಯಿಂಗ್ ರೂಮಿನಲ್ಲಿ, ಒಗೆದ ಬಟ್ಟೆಯ ಸಾಲಿನ ಕೆಳಗೆ, ಫ್ಯಾನು ಹಾಕದೆ, ಕಳ್ಳಿಯ ಹಾಗೆ ಮಾಡುತ್ತೇನೆ. ಮಳೆಗಾಲದ ತೇವಕ್ಕೆ ಮ್ಯಾಟು ಟೈಲ್ಸಿನ ಮೇಲೆ ಜಾರುತ್ತದೆ. ಶ್ಯಾಡೋ ಬಾಕ್ಸಿಂಗ್ ಮಾಡುವಾಗ ಯಜಮಾನರ ಒದ್ದೆ ಪಂಚೆ ಮುಖಕ್ಕೆ ಹೊಡೆಯುತ್ತದೆ. ಎದುರಾಳಿ ಎಂದರೆ ಸದ್ಯಕ್ಕೆ ಅದೇ.

ಆಟಿ ಕಳೆದು ಸೋಣ ಬಂತು. ಮಳೆ ಸ್ವಲ್ಪ ಬಿಟ್ಟ ಮೇಲೆ ಕಿಟಕಿ ತೆರೆದಿಡುತ್ತಿದ್ದೇನೆ. ನಾಲ್ಕು ಎಣಿಕೆಯ ಬರ್ಪಿ ಈಗ ಇಪ್ಪತ್ತೈದಕ್ಕೆ ಬಂದಿದೆ. ಬರಿಗಾಲಿನಲ್ಲಿ, ಹಾಸಿಗೆಯ ಮೇಲೆ ಬೆಕ್ಕು ಇಳಿದ ಹಾಗೆ ಇಳಿಯುತ್ತೇನೆ.

ಮೊನ್ನೆ ಲಿಫ್ಟಿನಲ್ಲಿ ಆಂಟಿ ಸಿಕ್ಕಿದರು. ಮುಖ ಸಪ್ಪೆ ಇತ್ತು.

"ದಡ್ ದಡ್ ಪೂರ್ತಿ ನಿಂತಿದೆ," ಎಂದರು.

"ಒಳ್ಳೆದಾಯ್ತಲ್ಲ," ಎಂದೆ.

"ಆದ್ರೆ ಈಗ ಏದುಸಿರು ಬಿಡುವುದು ಕೇಳ್ತದೆ. ಕಿಟಕಿಯಿಂದ. ಪಾಪ, ಯಾವುದೋ ಮುದುಕಿ ಇರಬೇಕು." ಲಿಫ್ಟು ಎರಡಕ್ಕೆ ಬಂದು ನಿಂತಿತು. ಅವರು ಬಾಗಿಲಿಗೆ ಕೈ ಅಡ್ಡ ಇಟ್ಟು ತಿರುಗಿದರು. "ಜೋಯಿಸರನ್ನು ಇನ್ನೊಮ್ಮೆ ಕರೆಸುವುದು ಅಂತ ಉಂಟು. ಈ ಸಲ ಮನೆಗೆ ನೂರೈವತ್ತು ಸಾಕಂತೆ."