ನಮ್ಮ ಹಕ್ಕುಗಳ ಬೇರು ಮ್ಯಾಗ್ನಾ ಕಾರ್ಟಾದಲ್ಲಿದೆಯೇ?

ಪರ: ದೊರೆಯನ್ನು ಕಾನೂನಿಗೆ ಕಟ್ಟಿದ್ದು ಅಲ್ಲಿಯೇ

ಇಂಗ್ಲೆಂಡಿನ ದೊರೆಯಿಂದ ಮ್ಯಾಗ್ನಾ ಕಾರ್ಟಾ ಎಂಬ ಹಕ್ಕಿನ ಸನ್ನದನ್ನು ಬರೆಸಿಕೊಂಡ ಸಾಮಂತರು ಜನಪರರೇನೂ ಆಗಿರಲಿಲ್ಲ. ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ದೊರೆ ಜಾನ್ 1204ರಲ್ಲಿ ಫ್ರಾನ್ಸ್ ಕಡೆಯ ತನ್ನ ನಾಡಾದ ನಾರ್ಮಂಡಿಯನ್ನು ಕಳೆದುಕೊಂಡ. ಅದನ್ನು ಮರಳಿ ಗೆಲ್ಲಲು ತೆರಿಗೆ, ದಂಡ, ಶುಲ್ಕ ಎಂದು ವರ್ಷಗಟ್ಟಲೆ ಎಲ್ಲರನ್ನೂ ಹಿಂಡಿದ. 1214ರಲ್ಲಿ ಬೂವೀನ್ ಯುದ್ಧದಲ್ಲಿ ಅವನ ಮಿತ್ರಪಡೆ ಸೋತಾಗ ಸಾಮಂತರು ತಿರುಗಿಬಿದ್ದರು. 1215ರ ಜೂನ್‌ನಲ್ಲಿ ಥೇಮ್ಸ್ ದಂಡೆಯ ರನ್ನಿಮೀಡ್ ಬಯಲಿನಲ್ಲಿ ಅವನು ಸನ್ನದಿಗೆ ಮುದ್ರೆ ಹಾಕಿಸಿದ್ದು ಬೇರೆ ದಾರಿ ಕಾಣದೆ.

ಆ ಲ್ಯಾಟಿನ್ ಸನ್ನದಿನ ಬಹುಪಾಲು ಅಂದಿನ ತಕರಾರುಗಳೇ: ವಾರಸಿನ ಶುಲ್ಕ, ಸಾಲ, ನದಿಗೆ ಅಡ್ಡಲಾಗಿ ಕಟ್ಟಿದ ಮೀನಿನ ಒಡ್ಡುಗಳು, ಅಳತೆ ಮಾಪು. ಆದರೆ 39ನೇ ಕಲಮಿನಲ್ಲಿ ದೊರೆ ಒಪ್ಪಿದ್ದೇನು? ಸರಿಸಮಾನರ ತೀರ್ಪು ಅಥವಾ ನಾಡಿನ ಕಾನೂನು ಇಲ್ಲದೆ ಯಾವ ಸ್ವತಂತ್ರ ಮನುಷ್ಯನನ್ನೂ ಹಿಡಿಯುವುದಿಲ್ಲ, ಸೆರೆಗೆ ತಳ್ಳುವುದಿಲ್ಲ, ಗಡೀಪಾರು ಮಾಡುವುದಿಲ್ಲ. 40ರಲ್ಲಿ: ನ್ಯಾಯವನ್ನು ಯಾರಿಗೂ ಮಾರುವುದಿಲ್ಲ, ಯಾರಿಗೂ ನಿರಾಕರಿಸುವುದಿಲ್ಲ, ತಡಮಾಡುವುದಿಲ್ಲ. 12ರಲ್ಲಿ: ನಾಡಿನವರನ್ನು ಕೇಳದೆ ಕೆಲವು ತೆರಿಗೆಗಳನ್ನು ಹಾಕುವುದಿಲ್ಲ. ಮಾತು ತಪ್ಪಿದರೆ ಕೋಟೆ, ಭೂಮಿ ಜಪ್ತಿ ಮಾಡಲು 25 ಸಾಮಂತರಿಗೆ 61ನೇ ಕಲಂ ಅಧಿಕಾರ ಕೊಟ್ಟಿತು. ತನ್ನ ಮೇಲೆ ಜಪ್ತಿ ನಡೆಸಲು ದೊರೆಯೇ ಬರೆದುಕೊಟ್ಟ ಒಪ್ಪಿಗೆ ಅದು.

ಪೋಪ್ ಮೂರನೇ ಇನೊಸೆಂಟ್ ಅದೇ ಆಗಸ್ಟ್‌ನಲ್ಲಿ ಸನ್ನದನ್ನು ರದ್ದುಮಾಡಿದ. ನಿಜವಾದ ಕತೆ ಶುರುವಾಗುವುದು ಆಮೇಲೆ. ಮರುವರ್ಷ ಜಾನ್ ಸತ್ತ. ಒಂಬತ್ತು ವರ್ಷದ ಮಗ ಮೂರನೇ ಹೆನ್ರಿಯ ಪಾಲಕರು 1216ರಲ್ಲಿ, ಮತ್ತೆ 1217ರಲ್ಲಿ ಸನ್ನದನ್ನು ತಿದ್ದಿ ಹೊರಡಿಸಿದರು. 1225ರಲ್ಲಿ ಹೆನ್ರಿ ಅದನ್ನು ಮತ್ತೊಮ್ಮೆ ಕೊಟ್ಟ. ಬದಲಿಗೆ ಚರಾಸ್ತಿಯ ಹದಿನೈದನೇ ಒಂದು ಪಾಲನ್ನು ತೆರಿಗೆಯಾಗಿ ಪಡೆದ. ಹಣ ಬೇಕಾದರೆ ಹಕ್ಕನ್ನು ಒಪ್ಪಿಕೊಳ್ಳಬೇಕು ಎಂಬ ಚೌಕಾಸಿ ಅಲ್ಲಿ ರೂಢಿಗೆ ಬಂತು. ಪಾರ್ಲಿಮೆಂಟಿನ ಬಲವೆಲ್ಲ ಮುಂದೆ ಬೆಳೆದದ್ದು ಈ ಚೌಕಾಸಿಯ ಮೇಲೆಯೇ. 1354ರ ಶಾಸನ ‘ಸ್ವತಂತ್ರ ಮನುಷ್ಯ’ ಎಂಬ ಬೇಲಿಯನ್ನು ಕಿತ್ತು, ಯಾವ ಅಂತಸ್ತಿನವನಿಗೇ ಆಗಲಿ ಕಾನೂನಿನ ಕ್ರಮ ತಪ್ಪಬಾರದು ಎಂದಿತು.

1627ರಲ್ಲಿ ಒಂದನೇ ಚಾರ್ಲ್ಸ್, ಬಲವಂತದ ಸಾಲ ಕೊಡಲೊಪ್ಪದ ಐವರು ನೈಟ್‌ಗಳನ್ನು ಕಾರಣ ಹೇಳದೆ ಬಂಧನದಲ್ಲಿಟ್ಟ. ಅವರಿಗೆ ಕೋರ್ಟಿನಿಂದ ಬಿಡುಗಡೆ ಸಿಗಲಿಲ್ಲ. ಮರುವರ್ಷ ಕಾನೂನು ಪಂಡಿತ ಎಡ್ವರ್ಡ್ ಕೋಕ್ ಮುಂತಾದವರು ಪಾರ್ಲಿಮೆಂಟಿನಲ್ಲಿ ರೂಪಿಸಿ ದೊರೆಯಿಂದ ಒಪ್ಪಿಸಿಕೊಂಡ ‘ಹಕ್ಕುಗಳ ಮನವಿ’ ಆಧಾರವಾಗಿ ಹಿಡಿದದ್ದು 1215ರ ಆ ಮಾತನ್ನೇ. ಬಂಧಿತನನ್ನು ಕೋರ್ಟಿನ ಮುಂದೆ ತಂದು ಬಂಧನದ ಕಾರಣ ಹೇಳಬೇಕೆನ್ನುವ 1679ರ ಹೇಬಿಯಸ್ ಕಾರ್ಪಸ್ ಕಾಯ್ದೆ, ಕಾನೂನಿನ ನ್ಯಾಯಬದ್ಧ ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದೆನ್ನುವ 1791ರ ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿ ಇದೇ ದಾರಿಯಲ್ಲಿ ಬಂದವು.

ನಮ್ಮ ಸಂವಿಧಾನ ಬರೆಯುವಾಗಲೂ ಆ ಮಾತು ಎದುರಾಯಿತು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬಿ.ಎನ್. ರಾವ್. ಅವರು ಅಮೆರಿಕದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಜೊತೆ ಚರ್ಚಿಸಿ ಬಂದ ಮೇಲೆ ‘ಕಾನೂನಿನ ನ್ಯಾಯಬದ್ಧ ಕ್ರಮ’ ಎಂಬ ಅಮೆರಿಕದ ಒಕ್ಕಣೆಯನ್ನು ಕೈಬಿಡಲಾಯಿತು. 21ನೇ ವಿಧಿಯಲ್ಲಿ ‘ಕಾನೂನು ಸ್ಥಾಪಿಸಿದ ಕಾರ್ಯವಿಧಾನ’ ಎಂಬ ಬಿಗಿಯಾದ ಮಾತು ಬಂತು. ಆದರೆ 1978ರಲ್ಲಿ ಮನೇಕಾ ಗಾಂಧಿ ಪ್ರಕರಣದಲ್ಲಿ, ಆ ಕಾರ್ಯವಿಧಾನ ನ್ಯಾಯವಾಗಿಯೂ ಇರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಬಾಗಿಲಲ್ಲಿ ತಡೆದರೂ ಒಳಗೆ ಬಂದೇ ಬಂದ ಈ ವಿಚಾರದ ಬೇರು ರನ್ನಿಮೀಡಿನಲ್ಲಿಲ್ಲದೆ ಮತ್ತೆಲ್ಲಿದೆ?

ವಿರೋಧ: ಹಕ್ಕು ಹುಟ್ಟಿದ್ದು ಸನ್ನದಿನ ಹೊರಗುಳಿದವರಿಂದ

‘ಸ್ವತಂತ್ರ ಮನುಷ್ಯ’ ಎಂದರೆ ಯಾರು? ಅಂದಿನ ಇಂಗ್ಲೆಂಡಿನಲ್ಲಿ ನೆಲ ಉಳುತ್ತಿದ್ದವರಲ್ಲಿ ದೊಡ್ಡ ಪಾಲು ಒಡೆಯನ ಭೂಮಿಗೆ ಕಟ್ಟುಬಿದ್ದ ಜೀತದ ರೈತರು. ದಂಡ ಹಾಕುವಾಗ ಅವರ ಬೇಸಾಯದ ಸಾಮಗ್ರಿ ಉಳಿಸಬೇಕು ಎಂಬಂಥ ಒಂದೆರಡು ಮಾತು ಬಿಟ್ಟರೆ ಸನ್ನದಿನಲ್ಲಿ ಅವರಿಗೆ ಜಾಗವಿಲ್ಲ. ಹೆಂಗಸೊಬ್ಬಳು ಕೊಲೆಯ ದೂರು ಕೊಟ್ಟರೆ, ಸತ್ತವನು ಅವಳ ಗಂಡನಾಗಿರದಿದ್ದರೆ, ಆ ದೂರಿನ ಮೇಲೆ ಯಾರನ್ನೂ ಹಿಡಿಯಬಾರದು ಎನ್ನುತ್ತದೆ 54ನೇ ಕಲಂ. ಇದೂ ಅದೇ ಸನ್ನದು.

ಹಾಳೆಯಲ್ಲೇ ಶಕ್ತಿಯಿದ್ದಿದ್ದರೆ ಹಂಗೇರಿಯಲ್ಲೂ ಅದು ಕಾಣಬೇಕಿತ್ತು. ಅಲ್ಲಿನ ದೊರೆ ಎರಡನೇ ಆಂಡ್ರೂ 1222ರಲ್ಲಿ ಇಂಥದೇ ಸನ್ನದು ಕೊಟ್ಟ, ಮಾತು ತಪ್ಪಿದರೆ ಎದುರಿಸುವ ಅಧಿಕಾರವನ್ನೂ ಕೊಟ್ಟ. ಅದು ಶತಮಾನಗಳವರೆಗೆ ಅಲ್ಲಿನ ಶ್ರೀಮಂತ ಕುಲಗಳ ಸವಲತ್ತಾಗಿಯೇ ಉಳಿಯಿತು. ಇಂಗ್ಲೆಂಡಿನಲ್ಲಿ ಹಾಗಾಗಲಿಲ್ಲ, ಏಕೆಂದರೆ 1640ರ ದಶಕದಲ್ಲಿ ಅಲ್ಲಿ ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯಿತು, 1649ರಲ್ಲಿ ದೊರೆ ಚಾರ್ಲ್ಸ್‌ನ ತಲೆ ಉರುಳಿತು. ಕೋಕ್ ಮಾಡಿದ್ದು ವಕೀಲಿ ಕೆಲಸ: ತನ್ನ ಕಾಲದ ಜಗಳಕ್ಕೆ ಬೇಕಾದ ಅರ್ಥವನ್ನು ಹಳೆಯ ಹಾಳೆಯಲ್ಲಿ ಕಂಡುಕೊಂಡ. ಆ ಜಾಣ್ಮೆಗೆ ನನ್ನ ಗೌರವವಿದೆ. ಆದರೆ ಹಾಗೆ ಬಳಸಿದ ಆಧಾರವನ್ನು ಹುಟ್ಟಿನ ಮೂಲ ಎನ್ನಲಾಗದು.

ಭಾರತದ ವಿಷಯಕ್ಕೆ ಬಂದರೆ ಈ ವಾದ ಇನ್ನೂ ಸಡಿಲಗೊಳ್ಳುತ್ತದೆ. ಇಂಗ್ಲಿಷರು ಇಲ್ಲಿಗೆ ತಂದದ್ದು 1818ರ ಮೂರನೇ ರೆಗ್ಯುಲೇಶನ್ ಅನ್ನು. ವಿಚಾರಣೆಯಿಲ್ಲದೆ ಯಾರನ್ನಾದರೂ ಕೂಡಿಹಾಕಬಹುದಾದ ಕಾನೂನು ಅದು. 1907ರಲ್ಲಿ ಲಾಲಾ ಲಜಪತ ರಾಯರನ್ನು ಬರ್ಮಾದ ಮಂಡಾಲೆಗೆ ಸಾಗಿಸಿದ್ದು ಅದೇ ಕಾನೂನಿನ ಅಡಿ. 39ನೇ ಕಲಂ ಬೇಡವೆಂದ ಗಡೀಪಾರು ಇದಲ್ಲದೆ ಇನ್ನೇನು? 1919ರಲ್ಲಿ, ವಿಚಾರಣೆಯಿಲ್ಲದೆ ಬಂಧಿಸಲು ಬಿಡುವ ರೌಲಟ್ ಕಾಯ್ದೆ ಬಂದಾಗ ಜನ ಕೂಗಿದ್ದು ‘ವಕೀಲನಿಲ್ಲ, ದಲೀಲಿಲ್ಲ (ವಾದವಿಲ್ಲ), ಅಪೀಲಿಲ್ಲ’ ಎಂದು. ಮೂಲಭೂತ ಹಕ್ಕುಗಳಿಗಾಗಿ 1931ರ ಕರಾಚಿ ಕಾಂಗ್ರೆಸ್ ಮಾಡಿದ ನಿರ್ಣಯದ ಹಿಂದಿದ್ದದ್ದು ಈ ಕಹಿ ಅನುಭವ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 1927ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಮಹಾಡದಲ್ಲಿ ನಡೆದದ್ದು. ದಲಿತರಿಗೆ ಕೆರೆಯ ನೀರು ಮುಟ್ಟಲು ಬಿಡದ ಊರಿನಲ್ಲಿ ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಚವದಾರ್ ಕೆರೆಗೆ ನಡೆದು ನೀರು ಕುಡಿದರು. ಅಲ್ಲಿ ತಡೆಗೋಡೆಯಾಗಿ ನಿಂತವರು ಊರಿನ ಮೇಲ್ಜಾತಿಯವರು. ಕೆರೆ ಎಲ್ಲರಿಗೂ ತೆರೆದಿದೆ ಎಂಬ ಪುರಸಭೆಯ ನಿರ್ಣಯ ಆಗಲೇ ಇದ್ದರೂ ಅದು ಕಾಗದದ ಮೇಲೆ ಉಳಿದಿತ್ತು. ಮನುಷ್ಯರೇ ಮನುಷ್ಯರ ಮೇಲೆ ನಡೆಸುವ ಈ ದಬ್ಬಾಳಿಕೆಯ ಬಗ್ಗೆ ರನ್ನಿಮೀಡಿನ ಸಾಮಂತರಿಗೆ ಹೇಳಲು ಏನೂ ಇರಲಿಲ್ಲ. ನಮ್ಮ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡುತ್ತದೆ, 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಸಿಯೇ ಹೇಳುತ್ತದೆ. ಇವುಗಳ ಬೇರು ಮಹಾಡದಲ್ಲಿದೆ.

ಸರ್ಕಾರಕ್ಕೆ ಹಾಕಿದ ಮಿತಿಯೂ ಹಾಗೆಯೇ. ಇಂಗ್ಲಿಷ್ ಪರಂಪರೆ ದೊರೆಯನ್ನು ಕಟ್ಟಿತು, ಪಾರ್ಲಿಮೆಂಟನ್ನು ಕಟ್ಟಲಿಲ್ಲ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಎಂಬ 1973ರ ತೀರ್ಪು ಬಂದದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಅರ್ಜಿಯ ಮೇಲೆ, 13 ನ್ಯಾಯಮೂರ್ತಿಗಳಲ್ಲಿ 7–6ರ ಬಹುಮತದಿಂದ.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನಲ್ಲಿ ಬಂಧಿತರಾದರು, ಕರ್ನಾಟಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 4–1ರ ಬಹುಮತದಿಂದ, ತುರ್ತು ಪರಿಸ್ಥಿತಿಯಲ್ಲಿ ಇಂಥ ಅರ್ಜಿ ನಡೆಯದು ಎಂದಿತು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಏಳು ಶತಮಾನಗಳ ಸನ್ನದು ಆ ದಿನ ಯಾರನ್ನೂ ಜೈಲಿನಿಂದ ಹೊರತರಲಿಲ್ಲ. ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ತಡೆಹಿಡಿಯುವಂತಿಲ್ಲ ಎಂಬ 44ನೇ ತಿದ್ದುಪಡಿಯನ್ನು 1978ರಲ್ಲಿ ತಂದದ್ದು, ಆ ಜೈಲುಗಳಲ್ಲಿ ಕೂತಿದ್ದವರೂ ಇದ್ದ ಜನತಾ ಸರ್ಕಾರ.