ಸಣ್ಣ ಊರು ಅಂದರೆ ಬಿಟ್ಟು ಹೋಗುವ ಊರಾ?

ಹೋದ ಭಾನುವಾರ ಸಾಗರದಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. ಮಳೆ, ಅಡಿಕೆ ರೇಟು, ಕೊಳೆರೋಗ ಎಲ್ಲ ಮಾತಾಡಿ ಆಯಿತು. ಫೋನ್ ಇಡುವ ಹೊತ್ತಿಗೆ ಕೇಳಿದರು, "ಅಲ್ಲ ಮಾರಾಯ, ಜರ್ಮನಿಗೆ ಹೋಗಿಯೂ ಸಾಗರದಂಥ ಊರೇ ಬೇಕಿತ್ತಾ ನಿಂಗೆ? ಬರ್ಲಿನ್ನಿಗಾದರೂ ಹೋಗೋದಲ್ವಾ?" ಪ್ರೀತಿಯಿಂದಲೇ ಕೇಳಿದ್ದು. ಆದರೂ ಚುಚ್ಚಿತು.

ನಾನಿರುವುದು ಟ್ಯೂಬಿಂಗನ್‌ನಲ್ಲಿ. ನೆಕ್ಕರ್ ನದಿಯ ದಂಡೆ, ಸುಮಾರು 90 ಸಾವಿರ ಜನ. ಸ್ಟುಟ್‌ಗಾರ್ಟ್‌ಗೆ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಸೋಮವಾರ, ಬುಧವಾರ, ಶುಕ್ರವಾರ ಹಳೇ ಟೌನ್‌ಹಾಲ್ ಮುಂದೆ ಸಂತೆ. ಒಂದು ಬುಧವಾರ ಪರ್ಸ್ ಮರೆತು ಹೋಗಿದ್ದೆ. ತರಕಾರಿ ಮಾರುವ ಅಜ್ಜಿ ಚೀಲ ಕೈಗಿಟ್ಟು, ಶುಕ್ರವಾರ ಕೊಡು ಅಂದರು. ಸಾಗರದ ಕಿರಾಣಿ ಅಂಗಡಿಯಲ್ಲಿ "ಲೆಕ್ಕಕ್ಕೆ ಬರ್ಕೊಳ್ಳಿ" ಅಂತ ಅಪ್ಪ ಹೇಳುತ್ತಿದ್ದದ್ದು ನೆನಪಾಗಿ ಗಂಟಲು ಕಟ್ಟಿತು.

ಆದರೆ ನನ್ನನ್ನು ಇಲ್ಲಿ ಹಿಡಿದಿಟ್ಟಿದ್ದು ಸಂತೆಯೂ ಅಲ್ಲ, ನದಿಯೂ ಅಲ್ಲ. ಇಲ್ಲಿನವರು ದೊಡ್ಡವರಾಗಲು ಊರು ಬಿಡಬೇಕಿಲ್ಲ. ನಮ್ಮ ಮನೆ ಓನರ್ ಮಗಳು ಹುಟ್ಟಿದ್ದು, ಓದಿದ್ದು, ಡಾಕ್ಟರಾದದ್ದು ಎಲ್ಲ ಇಲ್ಲೇ. ಅವಳು ಓದಿದ ಶಾಲೆಗೇ ಈಗ ಅವಳ ಮಗ ನಡೆದು ಹೋಗುತ್ತಾನೆ. 1477ರಲ್ಲಿ ಶುರುವಾದ ಯೂನಿವರ್ಸಿಟಿ ಇದೆ, ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಸಂಸ್ಥೆಗಳಿವೆ. ನನಗಂತೂ ಎಂಟನೇ ಕ್ಲಾಸಿನಿಂದಲೇ ಎಲ್ಲರೂ ಹೇಳುತ್ತಿದ್ದದ್ದು ಒಂದೇ: "ಚೆನ್ನಾಗಿ ಓದು, ಇಲ್ಲೇ ಉಳಿದುಬಿಡ್ತೀಯ ಇಲ್ಲಾಂದ್ರೆ." ಊರಲ್ಲಿ ಉಳಿಯುವುದೇ ಶಿಕ್ಷೆ ಅನ್ನೋ ಹಾಗೆ. ನಮ್ಮ ಕ್ಲಾಸಿನಲ್ಲಿ ಮುಂದಿದ್ದವರಲ್ಲಿ ಒಬ್ಬರೂ ಈಗ ಸಾಗರದಲ್ಲಿಲ್ಲ.

ಅಪ್ಪನಿಗೆ ಎದೆನೋವು ಬಂದ ರಾತ್ರಿ ನನಗೆ ಮರೆಯುವುದಿಲ್ಲ. ಮಳೆಗಾಲ. ಹೊಸನಗರ, ನಗರ ದಾಟಿ ಹುಲಿಕಲ್ ಘಾಟಿ ಇಳಿದು ಮಣಿಪಾಲ ಮುಟ್ಟುವಾಗ ಬೆಳಗಾಗುತ್ತಾ ಬಂದಿತ್ತು. ಘಾಟಿಯ ಒಂದೊಂದು ತಿರುವಿನಲ್ಲೂ ಅಮ್ಮ ಅಪ್ಪನ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದಳು. ಇಲ್ಲಿ ನಮ್ಮ ಮನೆಯಿಂದ ಬಸ್ಸಿನಲ್ಲಿ 10 ನಿಮಿಷ ಗುಡ್ಡ ಹತ್ತಿದರೆ ಯೂನಿವರ್ಸಿಟಿಯ ದೊಡ್ಡಾಸ್ಪತ್ರೆ. ಆ ಬಸ್ ಹತ್ತಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಇಲ್ಲಿನವರ ಮೇಲಲ್ಲ, ನಮ್ಮವರ ಮೇಲೆ. ಇರುವುದನ್ನೆಲ್ಲ ಬೆಂಗಳೂರಿಗೇ ಸುರಿದು, ಮಿಕ್ಕ ಊರುಗಳಿಗೆ ಬಸ್‌ಸ್ಟ್ಯಾಂಡ್ ಕೊಟ್ಟರೆ ಸಾಕು ಅಂದುಕೊಂಡವರ ಮೇಲೆ.

ಇಲ್ಲಿ ಊರಿನ ಕೈಯಲ್ಲಿ ಅಧಿಕಾರವೂ ಇದೆ. 2022ರಿಂದ ಬಿಸಾಡುವ ಕಾಫಿ ಕಪ್ಪಿಗೆ 50 ಸೆಂಟ್ ತೆರಿಗೆ ಹಾಕಿದರು. ಕೇಸಾಯಿತು, ದೇಶದ ಸಂವಿಧಾನ ಕೋರ್ಟಿನವರೆಗೂ ಹೋಯಿತು. 2025ರ ಜನವರಿಯಲ್ಲಿ ಹೊರಬಿದ್ದ ತೀರ್ಪಿನಲ್ಲಿ ಊರೇ ಗೆದ್ದಿತು. ನಮ್ಮ ಕಡೆಯ ನಗರಸಭೆ ಒಂದು ಹೊಸ ತೆರಿಗೆಯನ್ನು ತಾನೇ ಯೋಚಿಸಿ, ತಾನೇ ಹಾಕಿ, ಕೋರ್ಟಿನಲ್ಲಿ ನಿಂತು ಗೆಲ್ಲುವುದನ್ನು ಊಹಿಸಿ ನೋಡಿ.

ಇನ್ನೊಂದು ಮಾತು. 70 ಸಾವಿರದಷ್ಟು ಪದಗಳ ಕನ್ನಡ ನಿಘಂಟು ಮಾಡಿದ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಇದೇ ಊರಲ್ಲಿ. ಅವರಿಗೆ ಡಾಕ್ಟರೇಟ್ ಕೊಟ್ಟದ್ದೂ ಇಲ್ಲಿನ ಯೂನಿವರ್ಸಿಟಿಯೇ. ಸಂಜೆ ಹೊಳೆ ದಂಡೆಯಲ್ಲಿ ಒಬ್ಬನೇ ನಡೆಯುವಾಗ ಅದು ನೆನಪಾದರೆ ಏನೋ ಸಮಾಧಾನ.

ಒಬ್ಬನೇ ಅಂದೆನಲ್ಲ, ಅದನ್ನೂ ಹೇಳಿಬಿಡಬೇಕು. ಬಾಡಿಗೆ ಮನೆ ಸಿಗಲು ನನಗೆ 8 ತಿಂಗಳು ಹಿಡಿಯಿತು. 6 ವರ್ಷವಾದರೂ ಮೊದಲೇ ತಿಳಿಸದೆ ಯಾರೂ ಮನೆ ಬಾಗಿಲು ತಟ್ಟಿಲ್ಲ. ಹೋದ ಚಳಿಗಾಲ 4 ದಿನ ಜ್ವರದಲ್ಲಿ ಮಲಗಿದ್ದೆ. ಗೋಡೆಯಾಚೆ ಪಕ್ಕದ ಮನೆಯವರ ಹೆಜ್ಜೆ ಕೇಳುತ್ತಿತ್ತು, ಅಷ್ಟೇ. ಅವರು ಕೆಟ್ಟವರಲ್ಲ. ತೊಂದರೆ ಕೊಡಬಾರದು ಅನ್ನೋದು ಅವರ ಮರ್ಯಾದೆ.

ಅಪ್ಪನನ್ನು ಮಣಿಪಾಲದಿಂದ ಕರೆದುಕೊಂಡು ಬಂದ ದಿನ, ನಾವು ಬೀಗ ತೆಗೆಯುವ ಮೊದಲೇ ಜಗಲಿ ಮೇಲೆ ಗಂಜಿ ಪಾತ್ರೆ, ಅಪ್ಪೆಮಿಡಿ ಉಪ್ಪಿನಕಾಯಿ ಇತ್ತು. ಯಾರ ಮನೆಯದು ಅಂತ ಅಮ್ಮ ಪಾತ್ರೆ ನೋಡಿಯೇ ಹೇಳಿದಳು. ಮತ್ತೆ, ಆ ರಾತ್ರಿ ಘಾಟಿಯಲ್ಲಿ ಕಾರು ಓಡಿಸಿದ್ದು ಇದೇ ಚಿಕ್ಕಪ್ಪ.