ಸಿಎಸ್ ಹಾಕ್ಸಬೋದಾ ಎಂದು ಕೇಳುವ ನಮ್ಮ ಹಾಸನದವರಿಗೆ

ಸಿಇಟಿ ಆಪ್ಷನ್ ಎಂಟ್ರಿ ಶುರುವಾದರೆ ಸಾಕು, ನನ್ನ ಫೋನಿಗೆ ಪುರುಸೊತ್ತೇ ಇರುವುದಿಲ್ಲ. ಅರಕಲಗೂಡಿನಿಂದ, ಆಲೂರಿನಿಂದ, ಹೊಳೆನರಸೀಪುರದಿಂದ ನೆಂಟರು, ನೆಂಟರ ನೆಂಟರು. ಎಲ್ಲರದ್ದೂ ಒಂದೇ ಪ್ರಶ್ನೆ. "ಹುಡುಗನಿಗೆ ಕಂಪ್ಯೂಟರ್ ಸೈನ್ಸ್ ಹಾಕ್ಸಬೋದಾ? ಎಐ ಬಂದು ಎಲ್ಲಾ ಕೆಲಸ ನುಂಗ್ಹಾಕುತ್ತಂತಲ್ಲ?" ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಹಾಸನದಲ್ಲೇ ಓದಿ ಬೆಂಗಳೂರಿಗೆ ಹೋದವನು ನಾನು. ಈಗ ಒಂದು ಟೀಮ್ ನೋಡಿಕೊಳ್ಳುತ್ತೇನೆ, ದಿನಾ ಎಐ ಬಳಸುತ್ತೇನೆ. ಕಂಡಿದ್ದನ್ನು ಹೇಳುತ್ತೇನೆ.

ಸಾಫ್ಟ್‌ವೇರ್ ಕೆಲಸ ಪೂರ್ತಿ ಹೋಗುವುದಿಲ್ಲ. ಆದರೆ ಫ್ರೆಶರ್‌ಗಳಿಗೆ, ಅಂದರೆ ಈಗಷ್ಟೇ ಡಿಗ್ರಿ ಮುಗಿಸಿ ಬಂದವರಿಗೆ, ಸಿಗುತ್ತಿದ್ದ ಕೆಲಸ ಕಣ್ಣೆದುರಿಗೇ ಕಡಿಮೆಯಾಗುತ್ತಿದೆ. ಅದರ ಪೆಟ್ಟು ಹೆಚ್ಚು ಬೀಳುವುದು ನಮ್ಮೂರಿನಂಥ ಕಡೆಯ ಮಕ್ಕಳ ಮೇಲೆ.

ಯಾಕೆ ಅಂತೀರಾ? ನಮ್ಮಲ್ಲಿ ಹೆಚ್ಚಿನವರಿಗೆ ಐಟಿಯಲ್ಲಿ ಚಿಕ್ಕಪ್ಪ, ದೊಡ್ಡಪ್ಪ ಯಾರೂ ಇರಲಿಲ್ಲ. ದೊಡ್ಡ ಕಂಪನಿಗಳು ಕ್ಯಾಂಪಸ್‌ಗೆ ಬಂದು ನೂರಾರು ಜನರನ್ನು ಒಟ್ಟಿಗೆ ತಗೊಂಡು, ಕೆಲವು ತಿಂಗಳು ಟ್ರೈನಿಂಗ್ ಕೊಟ್ಟು, ಸಣ್ಣಪುಟ್ಟ ಕೆಲಸ ಹಚ್ಚುತ್ತಿದ್ದವು. ಲಾಗಿನ್ ಪೇಜಿನ ಬಗ್ (ಕೋಡ್‌ನ ತಪ್ಪು) ಸರಿ ಮಾಡು, ಕೋಡ್ ಸರಿ ಇದೆಯಾ ಅಂತ ಪರೀಕ್ಷಿಸುವ ಟೆಸ್ಟ್ ಕೇಸ್ ಬರೆ, ರಿಪೋರ್ಟಿಗೆ ಒಂದು ಕಾಲಂ ಸೇರಿಸು. ಅಂಥ ಕೆಲಸ ಮಾಡುತ್ತಲೇ ನಾವು ಕಲಿತದ್ದು. ಈಗ ಎಐ ಎಲ್ಲಕ್ಕಿಂತ ಬೇಗ ಮಾಡಿ ಕೊಡುವುದು ಇದನ್ನೇ.

2022ರ ಜೂನ್‌ನಲ್ಲಿ ಕೋಡ್ ಬರೆದುಕೊಡುವ ಎಐ, ಗಿಟ್‌ಹಬ್ ಕೋಪೈಲಟ್, ಎಲ್ಲರ ಕೈಗೆ ಬಂತು. ಅದೇ ವರ್ಷ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ. 2024ರ ಅಕ್ಟೋಬರ್‌ನಲ್ಲಿ ಸುಂದರ್ ಪಿಚೈ, ಗೂಗಲ್‌ನ ಹೊಸ ಕೋಡ್‌ನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಎಐ ಬರೆಯುತ್ತಿದೆ, ಎಂಜಿನಿಯರ್‌ಗಳು ಅದನ್ನು ನೋಡಿ ಒಪ್ಪುತ್ತಾರೆ ಎಂದರು. 2025ರಲ್ಲಿ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯವರು ಅಮೆರಿಕದ ಸಂಬಳದ ಲೆಕ್ಕ ಹಿಡಿದು ನೋಡಿದರು. ಎಐ ಹೆಚ್ಚು ತಟ್ಟುವ ಕೆಲಸಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ, ಬೇರೆಯವರಿಗೆ ಹೋಲಿಸಿದರೆ, ಶೇ 13ರಷ್ಟು ಕುಸಿದಿತ್ತು. ಅದೇ ಕೆಲಸದಲ್ಲಿದ್ದ ಅನುಭವಸ್ಥರಿಗೆ ಅಂಥ ಹೊಡೆತ ಬಿದ್ದಿರಲಿಲ್ಲ.

ಹಾಗಂತ ದೊಡ್ಡವರು ಸೇಫ್ ಅಂತಲ್ಲ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ಕಡಿಮೆ ಮಾಡುತ್ತೇವೆ ಎಂದಾಗ, ಅದರಲ್ಲಿ ಹೆಚ್ಚಿನವರು ಮಧ್ಯದ ಮತ್ತು ಮೇಲಿನ ಹಂತದವರೇ. ಎಐ ಕಾರಣ ಅಲ್ಲ ಎಂದು ಕಂಪನಿ ಹೇಳಿತು.

ಇನ್ನು ಎಐ ಬರೆದ ಕೋಡ್ ಹೇಗಿರುತ್ತದೆ? ಒಂದು ಉದಾಹರಣೆ ಹೇಳಲೇಬೇಕು. ಸಾಲದ ಕಂತಿನ ತಾರೀಕು ಲೆಕ್ಕ ಹಾಕುವ ಒಂದು ಫಂಕ್ಷನ್ (ಕೋಡ್‌ನ ತುಣುಕು) ಅನ್ನು ನಮ್ಮಲ್ಲಿ ಎಐ ಕೈಲಿ ಬರೆಸಿದರು. ಟೆಸ್ಟ್‌ಗಳನ್ನೂ ಅದೇ ಬರೆಯಿತು. ಎಲ್ಲಾ ಹಸಿರು, ಎಲ್ಲಾ ಪಾಸ್. ಟೀಮಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಸುಮ್ನೆ ಜನವರಿ 31 ಅಂತ ಹಾಕಿ ನೋಡಿದಳು. ಮುಂದಿನ ಕಂತು ಮಾರ್ಚ್ 3ಕ್ಕೆ ಬಂತು! ಫೆಬ್ರವರಿಗೆ 31 ಇಲ್ಲ, ಹೆಚ್ಚಾದ ಮೂರು ದಿನ ಮಾರ್ಚ್‌ಗೆ ಉರುಳಿಕೊಂಡಿದ್ದವು. ಒಂದು ತಿಂಗಳ ಕಂತೇ ಮಾಯ. ಟೆಸ್ಟ್ ಬರೆದದ್ದೂ ಅದೇ ಎಐ, ಹಾಗಾಗಿ ಎಲ್ಲಾ ಟೆಸ್ಟಿನಲ್ಲೂ ತಿಂಗಳ ನಡುವಿನ ತಾರೀಕೇ ಇತ್ತು. ಅದಕ್ಕೆ ಹೊಳೆಯದ್ದು ಕೋಡ್‌ನಲ್ಲೂ ಇರಲಿಲ್ಲ, ಟೆಸ್ಟ್‌ನಲ್ಲೂ ಇರಲಿಲ್ಲ.

ಆ ಹುಡುಗಿಗೆ ಅನುಮಾನ ಬಂದದ್ದು ಎಲ್ಲಿಂದ? ಕೈಯಾರೆ ಟೆಸ್ಟ್ ಕೇಸ್ ಬರೆದ ಅಭ್ಯಾಸದಿಂದ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಆ ಅಭ್ಯಾಸ ಕಲಿಸುತ್ತಿದ್ದ ಕೆಲಸವನ್ನೇ ಕಂಪನಿಗಳು ಎಐಗೆ ಕೊಟ್ಟು, ಫ್ರೆಶರ್ ಬೇಡ, ನಾಲ್ಕು ವರ್ಷ ಅನುಭವ ಇರುವವರು ಬೇಕು ಅನ್ನುತ್ತಿವೆ. ಆ ನಾಲ್ಕು ವರ್ಷ ಅನುಭವವನ್ನು ಮಕ್ಕಳು ಎಲ್ಲಿಂದ ತರಬೇಕು?

ಎಐ ಬಂದರೆ ಕೆಲಸ ಬೇಗ ಆಗುತ್ತದೆ ಎನ್ನುವುದೂ ಎಲ್ಲಾ ಕಡೆ ನಿಜವಲ್ಲ. 2025ರಲ್ಲಿ ಮೀಟರ್ (METR) ಎಂಬ ಎಐ ಸಂಶೋಧನಾ ಸಂಸ್ಥೆ ಅನುಭವ ಇರುವ 16 ಡೆವಲಪರ್‌ಗಳನ್ನು ಪರೀಕ್ಷಿಸಿತು. ತಮಗೆ ಚೆನ್ನಾಗಿ ಗೊತ್ತಿದ್ದ ಪ್ರಾಜೆಕ್ಟ್‌ಗಳಲ್ಲೇ, ಎಐ ಬಳಸಿದಾಗ ಅವರಿಗೆ ಶೇ 19ರಷ್ಟು ಜಾಸ್ತಿ ಸಮಯ ಹಿಡಿಯಿತು. ಅವರಿಗೆ ಮಾತ್ರ ತಾವು ಬೇಗ ಮುಗಿಸಿದೆವು ಅನ್ನಿಸಿತ್ತು.

ಈಗ ಅಪ್ಪ ಅಮ್ಮಂದಿರಿಗೆ. ಮಗಳಿಗೋ ಮಗನಿಗೋ ಲೆಕ್ಕ ಇಷ್ಟ, ಒಂದು ಸಮಸ್ಯೆ ಹಿಡಿದು ಕೂತರೆ ಊಟ ಮರೆಯುತ್ತಾರೆ ಅಂದರೆ ಸಿಎಸ್ ಹಾಕಿಸಿ, ಹೆದರಬೇಡಿ. ಪಕ್ಕದ ಮನೆಯವರು ಹಾಕಿಸಿದರು ಅಂತ ತೋಟ ಅಡವಿಟ್ಟು, ಶುಂಠಿ ದುಡ್ಡೆಲ್ಲ ಸುರಿದು ಮ್ಯಾನೇಜ್‌ಮೆಂಟ್ ಸೀಟು ಕೊಳ್ಳಬೇಡಿ. ಡಿಗ್ರಿ ಕೈಗೆ ಬಂದ ತಕ್ಷಣ ಕೆಲಸ ಸಿಕ್ಕಿ ಆ ಸಾಲ ತೀರುತ್ತದೆ ಎಂದು ಈಗ ಯಾರೂ ಭರವಸೆ ಕೊಡಲಾರರು.

ಕಾಲೇಜಿನವರಲ್ಲೂ ಒಂದು ಮಾತು. ಲ್ಯಾಬ್ ರೆಕಾರ್ಡ್ ನಕಲು ಮಾಡಿಸಿ ಸಹಿ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಎಐ ಬರೆದ ಕೋಡ್ ಅನ್ನೇ ಮಕ್ಕಳ ಮುಂದಿಟ್ಟು, ಇದರಲ್ಲಿ ತಪ್ಪು ಹುಡುಕು ಅನ್ನಿ. ವೈವಾದಲ್ಲಿ ಅದನ್ನೇ ಕೇಳಿ. ದುಡ್ಡು ಕೊಟ್ಟು ತಂದ ಫೈನಲ್ ಇಯರ್ ಪ್ರಾಜೆಕ್ಟ್‌ಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಮೂರನೇ, ನಾಲ್ಕನೇ ವರ್ಷದ ಮಕ್ಕಳೇ, ಊರಿಗೆ ಬಂದ ಭಾನುವಾರಗಳಲ್ಲಿ ನಾನು ಹಾಸನದಲ್ಲೇ ಇರುತ್ತೇನೆ. ನಿಮ್ಮ ಪ್ರಾಜೆಕ್ಟ್ ಕೋಡ್ ಹಿಡಿದು ಬನ್ನಿ, ಎಐ ಬರೆದದ್ದಾದರೂ ಪರವಾಗಿಲ್ಲ. ಒಂದೊಂದು ಸಾಲೂ ಕೂತು ನೋಡೋಣ. ಇನ್‌ಬಾಕ್ಸ್‌ಗೆ ಮೆಸೇಜ್ ಹಾಕಿ. ಬೆಂಗಳೂರಿನಲ್ಲಿ ಟೀಮ್ ನಡೆಸುವ ನಮ್ಮೂರಿನ ಅಣ್ಣಂದಿರೇ, ಅಕ್ಕಂದಿರೇ, ಮುಂದಿನ ಸಲ ಆಳು ಬೇಕು ಅಂತ ಕೇಳುವಾಗ ಒಬ್ಬ ಫ್ರೆಶರ್‌ಗಾದರೂ ಜಾಗ ಕೇಳಿ.